ರೈಲನ್ನು ಸೋಲಿಸಿದ ಬೆಂಟ್ಲಿ, ಲೆ ಮಾನ್ಸ್ ಗೆದ್ದ ಬೆಂಟ್ಲಿ: ಇವೆರಡರಲ್ಲಿ ಯಾವ ಕಾರಿನ ಕತೆ ನಿಜ?

ಹಳೆಯ ಕಾರಿನ ಚಂದದ ಫೋಟೋ, ಕೆಳಗೆ ನಾಲ್ಕು ಸಾಲಿನ ರೋಚಕ ಕತೆ. ಇಂಥ ಫಾರ್ವರ್ಡ್ ಬಂದರೆ ಯಾರೂ ಹೆಚ್ಚು ಯೋಚಿಸುವುದಿಲ್ಲ. ರಾಜಕೀಯವಲ್ಲ, ಔಷಧಿಯ ವಿಷಯವೂ ಅಲ್ಲ, ಸುಳ್ಳಾದರೆ ಯಾರಿಗೇನು ನಷ್ಟ ಎಂದುಕೊಂಡು ಮುಂದಕ್ಕೆ ಕಳಿಸಿಬಿಡುತ್ತೇವೆ. ಆದರೆ ಇಂಥದ್ದೇ ಒಂದು ಕತೆ ನಿಜವೋ ಸುಳ್ಳೋ ಎಂಬುದರ ಮೇಲೆ ಒಮ್ಮೆ ಒಂದು ಕೋಟಿ ಪೌಂಡ್ ವ್ಯವಹಾರ ನಿಂತಿತ್ತು. ಅದು ಲಂಡನ್ನಿನ ಹೈಕೋರ್ಟ್‌ವರೆಗೂ ಹೋಯಿತು.

ಬ್ರಿಟನ್ನಿನ ಎರಡು ಹಳೆಯ ಬೆಂಟ್ಲಿ ಕಾರುಗಳ ಕತೆಯನ್ನು ಇಲ್ಲಿ ಒಂದೊಂದಾಗಿ ನೋಡೋಣ. ಎರಡಕ್ಕೂ ಸಂಬಂಧಪಟ್ಟ ವ್ಯಕ್ತಿ ಒಬ್ಬರೇ.

ಯಾರು ಈ ಬರ್ನಾಟೊ?

ವುಲ್ಫ್ ಬರ್ನಾಟೊ ಅವರ ತಂದೆ ದಕ್ಷಿಣ ಆಫ್ರಿಕಾದ ಕಿಂಬರ್ಲಿ ವಜ್ರದ ಗಣಿಗಳಿಂದ ಅಪಾರ ಹಣ ಗಳಿಸಿದವರು. ಮಗನಿಗೆ ವೇಗದ ಹುಚ್ಚು. ಸರ್ರೆ ತಂಡದ ಪರ ವಿಕೆಟ್ ಕೀಪರ್ ಆಗಿ ಪ್ರಥಮ ದರ್ಜೆ ಕ್ರಿಕೆಟ್ ಆಡಿದ್ದೂ ಉಂಟು. 1926ರಲ್ಲಿ ಬೆಂಟ್ಲಿ ಕಂಪನಿ ಹಣವಿಲ್ಲದೆ ಒದ್ದಾಡುತ್ತಿದ್ದಾಗ ಬಂಡವಾಳ ಹಾಕಿ ಅದರ ಅಧ್ಯಕ್ಷರಾದರು. ಫ್ರಾನ್ಸಿನಲ್ಲಿ ನಡೆಯುವ 24 ಗಂಟೆಗಳ ಲೆ ಮಾನ್ಸ್ ರೇಸ್‌ನಲ್ಲಿ ಅವರು ಭಾಗವಹಿಸಿದ್ದು ಮೂರು ಸಲ: 1928, 1929, 1930. ಮೂರು ಸಲವೂ ಗೆದ್ದರು.

ಕತೆ 1: "ಈ ಕಾರು ರೈಲನ್ನು ಸೋಲಿಸಿತು"

'ಬ್ಲೂ ಟ್ರೈನ್' ಎಂಬುದು ಫ್ರಾನ್ಸಿನ ದಕ್ಷಿಣ ಕರಾವಳಿಯಿಂದ ಉತ್ತರದ ಕಲೇ ಬಂದರಿಗೆ ಓಡುತ್ತಿದ್ದ ಐಷಾರಾಮಿ ರೈಲು. 1930ರ ಮಾರ್ಚ್ 13ರ ಸಂಜೆ ಬರ್ನಾಟೊ ಕಾನ್ ಪಟ್ಟಣದಿಂದ ತಮ್ಮ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರಿನಲ್ಲಿ ಹೊರಟರು. ರಾತ್ರಿಯಿಡೀ ಓಡಿಸಿ, ಹಡಗಿನಲ್ಲಿ ಇಂಗ್ಲಿಷ್ ಕಾಲುವೆ ದಾಟಿ, ಮರುದಿನ ಮಧ್ಯಾಹ್ನ ಲಂಡನ್ ತಲುಪಿದರು. ರೈಲು ಕಲೇ ತಲುಪಲು ಆಗ ಇನ್ನೂ 4 ನಿಮಿಷ ಬಾಕಿ ಇತ್ತು. ಇಷ್ಟು ನಿಜ.

ಆದರೆ ಈ ಕತೆಯ ಜೊತೆ ಸಾಮಾನ್ಯವಾಗಿ ಕಾಣುವ ಕಾರು ಬೇರೆ. ತಗ್ಗಿದ ಚಾವಣಿಯ, ನೋಡಿದವರು ಮರೆಯಲಾಗದಂಥ ಆ ಕಾರಿಗೆ ಬಾಡಿ ಕಟ್ಟಿದ್ದು ಗರ್ನಿ ನಟ್ಟಿಂಗ್ ಎಂಬ ಸಂಸ್ಥೆ. ಅದೂ ಬರ್ನಾಟೊ ಅವರದ್ದೇ. ಅದೂ ಸ್ಪೀಡ್ ಸಿಕ್ಸ್ ಕಾರೇ. ತೊಂದರೆ ಇರುವುದು ತಾರೀಖಿನಲ್ಲಿ. ರೈಲಿನ ಜೊತೆ ಸ್ಪರ್ಧೆ ನಡೆದದ್ದು ಮಾರ್ಚ್‌ನಲ್ಲಿ, ಈ ಕಾರು ಸಿದ್ಧವಾಗಿ ಕೈಸೇರಿದ್ದು ಮೇ ತಿಂಗಳಲ್ಲಿ. ಹುಟ್ಟುವುದಕ್ಕೆ ಎರಡು ತಿಂಗಳು ಮೊದಲೇ ಅದು ರೇಸ್ ಗೆಲ್ಲಲು ಸಾಧ್ಯವಿಲ್ಲ! ಬರ್ನಾಟೊ ಅಂದು ಓಡಿಸಿದ್ದು ಎಚ್.ಜೆ. ಮುಲಿನರ್ ಸಂಸ್ಥೆ ಬಾಡಿ ಕಟ್ಟಿದ್ದ, ನೋಡಲು ಸಾಧಾರಣವಾದ ಒಂದು ಸಲೂನ್ ಕಾರನ್ನು.

ಹಾಗಾದರೆ ತಪ್ಪು ಹಬ್ಬಿದ್ದು ಹೇಗೆ? 'ಬ್ಲೂ ಟ್ರೈನ್' ಎಂಬ ಹೆಸರು ಆ ಚಂದದ ಕಾರಿಗೆ ಅಂಟಿಕೊಂಡಿತು. ದಶಕಗಳ ನಂತರ ಟೆರೆನ್ಸ್ ಕುನಿಯೊ ಎಂಬ ಹೆಸರಾಂತ ಚಿತ್ರಕಾರರು ಅದೇ ಕಾರು ರೈಲಿನ ಪಕ್ಕದಲ್ಲಿ ಓಡುತ್ತಿರುವಂತೆ ಚಿತ್ರ ಬರೆದರು. ಆ ಚಿತ್ರ ಜನಪ್ರಿಯವಾಯಿತು, ಅದನ್ನೇ ಜನ ಸಾಕ್ಷಿ ಎಂದು ನಂಬಿದರು.

ಇನ್ನೊಂದು ಮಾತು. ಬ್ಲೂ ಟ್ರೈನನ್ನು ಹಿಂದೆ ಹಾಕಿದ ಮೊದಲ ಕಾರು ಬೆಂಟ್ಲಿಯೂ ಅಲ್ಲ. 1930ರ ಜನವರಿಯಲ್ಲೇ ರೋವರ್ ಲೈಟ್ ಸಿಕ್ಸ್ ಕಾರು ಆ ಕೆಲಸ ಮಾಡಿತ್ತು. ಆ ರೈಲು ದಾರಿಯಲ್ಲಿ ಹಲವು ಕಡೆ ನಿಂತು ಹೋಗುತ್ತಿದ್ದುದರಿಂದ ಅದರ ಸರಾಸರಿ ವೇಗ ಹೆಚ್ಚೇನೂ ಇರಲಿಲ್ಲ.

ಕತೆ 2: "ಈ ಕಾರು ಎರಡು ಸಲ ಲೆ ಮಾನ್ಸ್ ಗೆದ್ದಿತು"

ಈಗ ಎರಡನೆಯ ಕಾರು. ಇದೂ ಸ್ಪೀಡ್ ಸಿಕ್ಸ್, ಆರೂವರೆ ಲೀಟರ್ ಎಂಜಿನ್‌ನ ರೇಸ್ ಕಾರು. 1929ರ ಲೆ ಮಾನ್ಸ್‌ನಲ್ಲಿ 1ನೇ ನಂಬರ್ ಹೊತ್ತು ಓಡಿತು. ಹೆಸರು 'ಓಲ್ಡ್ ನಂಬರ್ ಒನ್'. ಅದರ ದಾಖಲೆ ಹೀಗಿದೆ:

• 1929: ಬರ್ನಾಟೊ ಮತ್ತು ಟಿಮ್ ಬರ್ಕಿನ್ ಸರದಿಯಂತೆ ಓಡಿಸಿ ಲೆ ಮಾನ್ಸ್ ಗೆದ್ದರು. 24 ಗಂಟೆಯಲ್ಲಿ ಸುಮಾರು 2,840 ಕಿ.ಮೀ. ಮೊದಲ ನಾಲ್ಕೂ ಸ್ಥಾನ ಬೆಂಟ್ಲಿಗೆ.

• 1930: ಬರ್ನಾಟೊ ಮತ್ತು ಗ್ಲೆನ್ ಕಿಡ್‌ಸ್ಟನ್ ಜೋಡಿಗೆ ಲೆ ಮಾನ್ಸ್ ಗೆಲುವು. ಈ ಸಲ ಸುಮಾರು 2,930 ಕಿ.ಮೀ.

• 1931: ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕ್‌ನ 500 ಮೈಲಿ ರೇಸ್‌ನಲ್ಲಿ ಜಾಕ್ ಡನ್ಫಿ ಮತ್ತು ಸಿರಿಲ್ ಪಾಲ್ ಗೆದ್ದರು. ಸರಾಸರಿ ವೇಗ ಗಂಟೆಗೆ ಸುಮಾರು 190 ಕಿ.ಮೀ.

• 1932: ಎಂಜಿನ್ ಬದಲಾಯಿಸಿ 8 ಲೀಟರ್‌ನದ್ದನ್ನು ಕೂರಿಸಲಾಯಿತು. ಸೆಪ್ಟೆಂಬರ್ 24ರಂದು ಅದೇ 500 ಮೈಲಿ ರೇಸ್‌ನಲ್ಲಿ ಜಾಕ್ ಅವರ ಸಹೋದರ ಕ್ಲೈವ್ ಡನ್ಫಿ ಓಡಿಸುತ್ತಿದ್ದರು. ಬ್ರೂಕ್‌ಲ್ಯಾಂಡ್ಸ್‌ನ ತಿರುವುಗಳಲ್ಲಿ ಕಾಂಕ್ರೀಟ್ ಟ್ರ್ಯಾಕ್ ಹೊರ ಅಂಚಿನ ಕಡೆಗೆ ಗೋಡೆಯಂತೆ ಏರಿಕೊಂಡು ಹೋಗುತ್ತದೆ. ಕಾರು ಆ ಅಂಚನ್ನೇ ದಾಟಿ ಆಚೆ ಬಿತ್ತು. ಕ್ಲೈವ್ ಅಲ್ಲೇ ತೀರಿಕೊಂಡರು.

ಅಲ್ಲಿಗೆ ಅದರ ರೇಸ್ ಜೀವನ ಮುಗಿಯಿತು. ಬರ್ನಾಟೊ ಅದನ್ನು ರಸ್ತೆಯಲ್ಲಿ ಓಡಿಸುವ ಕೂಪೆ ಕಾರಾಗಿ ಮತ್ತೆ ಕಟ್ಟಿಸಿದರು. ಆಮೇಲೆ ಅದು ಹಲವು ಮಾಲೀಕರ ಕೈ ದಾಟಿತು. ಮುಂದೆ ಮತ್ತೆ ರೇಸ್ ಕಾರಿನ ರೂಪಕ್ಕೂ ಮರಳಿತು.

ಕೋರ್ಟ್ ಮೆಟ್ಟಿಲೇರಿದ ಕಾರು

1990ರ ಏಪ್ರಿಲ್‌ನಲ್ಲಿ ಆಗಿನ ಮಾಲೀಕರು ಕಾರನ್ನು ಮಿಡಲ್‌ಬ್ರಿಜ್ ಸಿಮಿಟಾರ್ ಎಂಬ ಕಂಪನಿಗೆ ಒಂದು ಕೋಟಿ ಪೌಂಡ್‌ಗೆ ಮಾರಲು ಒಪ್ಪಂದ ಮಾಡಿಕೊಂಡರು. ನಂತರ ಕಂಪನಿ ಹಿಂದೆ ಸರಿಯಿತು. ಇದು ಅಸಲಿ ಓಲ್ಡ್ ನಂಬರ್ ಒನ್ ಅಲ್ಲ ಎಂಬುದು ಅದರ ವಾದ.

ವಾದಕ್ಕೆ ಬಲವೂ ಇತ್ತು. ತಜ್ಞರು ಕಾರನ್ನು ಒಂದೊಂದು ಭಾಗವಾಗಿ ಪರಿಶೀಲಿಸಿದರು. 1929ರಲ್ಲಿ ಗೆದ್ದ ಕಾರಿನದ್ದು ಎನ್ನಲು ಸಣ್ಣಪುಟ್ಟ ಸಾಮಾನು ಬಿಟ್ಟರೆ ಹೆಚ್ಚುಕಮ್ಮಿ ಏನೂ ಉಳಿದಿರಲಿಲ್ಲ. 1930ರ ಕಾರಿನಿಂದ ಉಳಿದದ್ದು ಪೆಡಲ್ ಶಾಫ್ಟ್, ಗೇರ್‌ಬಾಕ್ಸ್‌ನ ಹೊರಕವಚ ಮತ್ತು ಸ್ಟಿಯರಿಂಗ್ ಕಾಲಮ್ ಮಾತ್ರ. ಎಂಜಿನ್, ಆಕ್ಸಲ್‌ನಂಥ ದೊಡ್ಡ ಭಾಗಗಳು 1932ರ ಹೊತ್ತಿನವು.

ಇದರಲ್ಲಿ ಮೋಸವೇನೂ ಇರಲಿಲ್ಲ. 24 ಗಂಟೆ ಓಡಿದ ಕಾರಿನಲ್ಲಿ ಸವೆದದ್ದನ್ನು ಕಿತ್ತು ಹೊಸದು ಹಾಕುವುದು ರೇಸ್ ತಂಡಗಳ ದಿನನಿತ್ಯದ ಕೆಲಸ. ಮುಂದಿನ ರೇಸ್ ಗೆಲ್ಲುವುದಷ್ಟೇ ಅವರ ಗುರಿ. ಅರವತ್ತು ವರ್ಷದ ನಂತರ ಯಾರೋ ಬಂದು ಬೋಲ್ಟ್ ಎಣಿಸುತ್ತಾರೆ ಎಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

1990ರ ಜುಲೈ 27ರಂದು ನ್ಯಾಯಮೂರ್ತಿ ಆಟನ್ ತೀರ್ಪು ಕೊಟ್ಟರು. ಅದರ ಸಾರ ಇಷ್ಟು: ಈ ಕಾರು 1929ರ ಮೂಲ ಕಾರು ಎಂದು ಹೇಳಲಾಗದು. ಆದರೆ ಇದು ಅಸಲಿ ಓಲ್ಡ್ ನಂಬರ್ ಒನ್ ಹೌದು. ಭಾಗಗಳು ಒಂದೇ ಸಲ ಬದಲಾಗಲಿಲ್ಲ, ಸ್ವಲ್ಪ ಸ್ವಲ್ಪವಾಗಿ ಬದಲಾಗುತ್ತಾ ಹಳೆಯದರೊಂದಿಗೆ ಬೆರೆತವು. ನಾಲ್ಕು ವರ್ಷದ ರೇಸ್ ಚರಿತ್ರೆ ಎಲ್ಲೂ ಕಡಿದುಹೋಗಿಲ್ಲ. ಆ ಹೆಸರಿಗೆ ಹಕ್ಕು ಹೇಳಬಲ್ಲ ಬೇರೆ ಕಾರು ಎಲ್ಲೂ ಇಲ್ಲ. ಮಾರಾಟಕ್ಕೆ ಇಟ್ಟದ್ದು ಬರೀ ಲೋಹವನ್ನಲ್ಲ, ಅದರ ಚರಿತ್ರೆ ಮತ್ತು ಕೀರ್ತಿಯನ್ನೂ. ಮಾಲೀಕರು ಗೆದ್ದರು.

ನಮ್ಮ ಊರಿನ ತೇರನ್ನೇ ನೆನೆಯಿರಿ. ಗಾಲಿ ಹಾಳಾದರೆ ಹೊಸ ಗಾಲಿ, ತೊಲೆ ಸೀಳಿದರೆ ಹೊಸ ತೊಲೆ. ಆದರೂ ಅಜ್ಜನ ಕಾಲದಲ್ಲಿ ಎಳೆದದ್ದು ಇದೇ ತೇರು ಎನ್ನುತ್ತೇವೆ. ಯಾರಿಗೂ ಅದು ಸುಳ್ಳು ಎನಿಸುವುದಿಲ್ಲ. ಏಕೆಂದರೆ ಒಂದು ಜಾತ್ರೆಯಿಂದ ಇನ್ನೊಂದು ಜಾತ್ರೆಗೆ ಎಳೆ ತಪ್ಪಿಲ್ಲ.

ನಮ್ಮ ನಿರ್ಣಯ

ಕತೆ 1: ಘಟನೆ ನಿಜ, ಕಾರು ತಪ್ಪು. ಕಾರಿನ ಅಂದ ನೋಡಿ ಮರುಳಾದರೆ ಸಾಲದು, ತಾರೀಖು ಒಪ್ಪುವುದಿಲ್ಲ.

ಕತೆ 2: ಬಹುಪಾಲು ನಿಜ. ಕಬ್ಬಿಣ ಬದಲಾಗಿದೆ, ಚರಿತ್ರೆ ಅದರದ್ದೇ. 'ಒಂದೂ ಭಾಗ ಬದಲಾಗದ ಮೂಲ ಕಾರು' ಎಂದು ಬರೆದಿದ್ದರೆ ಮಾತ್ರ ಸುಳ್ಳು.

ಭಾರತದಲ್ಲಿ ನಿಯಮ ಏನು?

ನಮ್ಮ ದೇಶದಲ್ಲಿ ಕಾನೂನು ಕೇಳುವ ಪ್ರಶ್ನೆ ಬೇರೆ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಅದು ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ ಅಥವಾ ಎಂಜಿನ್ ಭಾರಿ ಬದಲಾವಣೆ ಕಂಡಿರಬಾರದು. ಹೊಸ ನೋಂದಣಿಗೆ ಶುಲ್ಕ ₹20,000, ಅವಧಿ 10 ವರ್ಷ. ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರಗಳಿರುತ್ತವೆ. ಇಂಥ ವಾಹನವನ್ನು ರ‍್ಯಾಲಿ, ಪ್ರದರ್ಶನಗಳಿಗೆ ಒಯ್ಯಬಹುದೇ ಹೊರತು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಫಾರ್ವರ್ಡ್ ಮಾಡುವ ಮುನ್ನ, ಹಣ ಕೊಡುವ ಮುನ್ನ

• ಘಟನೆ ನಡೆದ ದಿನ ಮತ್ತು ಕಾರು ತಯಾರಾದ ದಿನ ಎರಡನ್ನೂ ಹೋಲಿಸಿ.

• ಚಿತ್ರಕಾರ ಬರೆದ ಚಿತ್ರ ಸಾಕ್ಷಿಯಲ್ಲ. ಅದು ಫೋಟೋ ಹೌದೋ ಅಲ್ಲವೋ ನೋಡಿ.

• ಹಳೆಯ ಕಾರು, ಸ್ಕೂಟರ್, ಬುಲೆಟ್ ಏನೇ ಕೊಳ್ಳುವುದಿದ್ದರೂ ಆರ್‌ಸಿಯಲ್ಲಿರುವ ಚಾಸಿ ನಂಬರ್ ಮತ್ತು ಎಂಜಿನ್ ನಂಬರನ್ನು ಗಾಡಿಯ ಮೇಲಿನ ನಂಬರ್ ಜೊತೆ ತಾಳೆ ನೋಡಿ.

• 'ಒರಿಜಿನಲ್' ಎಂದರೆ ಯಾವ ಭಾಗ ಒರಿಜಿನಲ್ ಎಂದು ಕೇಳಿ. ಮಾರುವವರ ಉತ್ತರವನ್ನು ಬರಹದಲ್ಲಿ ಪಡೆಯಿರಿ.

• ಮಾಲೀಕರ ಪಟ್ಟಿಯಲ್ಲಿ ಯಾವುದಾದರೂ ವರ್ಷ ಕಾಣೆಯಾಗಿದ್ದರೆ, ಆಗ ಗಾಡಿ ಎಲ್ಲಿತ್ತು ಎಂದು ಕೇಳದೆ ಬಿಡಬೇಡಿ.