ನಿಂತು ನೆಗೆಯುವ ವಿದ್ಯೆ

ಲಂಘನವೆಂದೊಡನೆ ನಮ್ಮ ಮನೆಗಳ ಹಿರಿಯರಿಗೆ ನೆನಪಾಗುವುದು ಉಪವಾಸ. ದೇಹವನ್ನು ಹಗುರಗೊಳಿಸುವ ಉಪಾಯಕ್ಕೆ ವೈದ್ಯಶಾಸ್ತ್ರದಲ್ಲಿ ಆ ಹೆಸರು ಸಂದಿರುವುದು ದಿಟ. ಆದರೆ ಹಾರುವುದು, ದಾಟುವುದು ಎಂಬ ಅರ್ಥವೂ ಆ ಶಬ್ದಕ್ಕುಂಟು. ಓಟದ ನೆರವಿಲ್ಲದೆ ನಿಂತಲ್ಲಿಂದಲೇ ಮೇಲಕ್ಕೆ ನೆಗೆಯುವ ಈ ಎರಡನೆಯ ಲಂಘನವನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ಇದಕ್ಕೆ ಕಾರಣವುಂಟು. ಉಪಾಧ್ಯಾಯವೃತ್ತಿಯಲ್ಲಿದ್ದಾಗ ಒಮ್ಮೆ ವಾಲಿಬಾಲ್ ಪಂದ್ಯಕ್ಕೆ ಹುಡುಗರನ್ನು ಆರಿಸುತ್ತಿದ್ದೆವು. ಒಬ್ಬ ಹುಡುಗನು ಎಷ್ಟು ನೆಗೆದರೂ ಅವನ ಕೈ ಬಲೆಯ ಮೇಲಕ್ಕೆ ಏಳಲಿಲ್ಲ. "ನೆಗೆತ ಹುಟ್ಟುಗುಣವಪ್ಪಾ, ಕಲಿತು ಬರುವುದಲ್ಲ" ಎಂದು ಅವನನ್ನು ಸಾಲಿನಿಂದ ಹೊರಗೆ ನಿಲ್ಲಿಸಿದೆವು. ಮರುದಿನದಿಂದ ಅವನು ಆಟದ ಬಯಲಿಗೆ ಬರಲಿಲ್ಲ. ಕಳೆದ ವರ್ಷ ನಮ್ಮ ಮೊಮ್ಮಗಳು ಅದೇ ಕಾರಣದಿಂದ ಶಾಲೆಯ ತಂಡಕ್ಕೆ ಸೇರಲಾರದೆ ಕಣ್ಣೊರೆಸಿಕೊಳ್ಳುತ್ತ ಮನೆಗೆ ಬಂದಾಗ ಆ ಹುಡುಗನ ಮುಖ ನಮ್ಮೆದುರಿಗೆ ನಿಂತಿತು.

ಸ್ನಾಯುಗಳ ರಚನೆಯಲ್ಲಿ ಹುಟ್ಟಿನ ಪಾಲು ಇಲ್ಲವೆಂದಲ್ಲ; ಆದರೆ ಬಲವನ್ನು ಬೆಳೆಸುವುದೂ ಅದನ್ನು ಕ್ರಮವರಿತು ಬಳಸುವುದೂ ಅಭ್ಯಾಸಸಾಧ್ಯ. ಓಡಿಬಂದು ಹಾರುವ ಎತ್ತರ ಜಿಗಿತದಲ್ಲಿಯೂ ಕ್ರಮದ ಮಹಿಮೆ ಕಂಡದ್ದೇ. ಅಮೆರಿಕದ ಡಿಕ್ ಫಾಸ್ಬರಿ 1968ರಲ್ಲಿ ಮೆಕ್ಸಿಕೋ ನಗರದ ಒಲಿಂಪಿಕ್ ಕೂಟದಲ್ಲಿ ಅಡ್ಡಕಂಬಿಗೆ ಬೆನ್ನುಮಾಡಿ ಹಾರಿ, 2.24 ಮೀಟರ್ ದಾಟಿ, ಚಿನ್ನದ ಪದಕ ಪಡೆದರು. ಹೆಂಗಸರ ವಾಲಿಬಾಲ್ ಬಲೆಯ ಎತ್ತರವೂ ಅಷ್ಟೇ ಎಂಬುದು ಕೌತುಕ.

ಮೊದಲು ಅಳತೆ. ಗೋಡೆಯ ಪಕ್ಕದಲ್ಲಿ ನಿಂತು ಕೈಯೆತ್ತಿ, ಬೆರಳಿಗೆ ಹಚ್ಚಿದ ಸೀಮೆಸುಣ್ಣದಿಂದ ಒಂದು ಗುರುತು ಮಾಡಬೇಕು, ನೆಗೆದು ಮತ್ತೊಂದು. ಎರಡರ ನಡುವಣ ಅಂತರವೇ ನೆಗೆತದ ಎತ್ತರ. ಅಮೆರಿಕದ ವ್ಯಾಯಾಮಶಿಕ್ಷಕ ಡಡ್ಲಿ ಸಾರ್ಜೆಂಟ್ 1921ರಲ್ಲಿ ಪ್ರಚಾರಕ್ಕೆ ತಂದ ಪರೀಕ್ಷೆಯ ಮನೆಮಟ್ಟದ ರೂಪವಿದು.

ಪಾದಗಳು ನೆಲವನ್ನು ಬಿಟ್ಟ ಮೇಲೆ ಯಾವ ಪ್ರಯತ್ನದಿಂದಲೂ ದೇಹದ ಭಾರಕೇಂದ್ರವನ್ನು ಇನ್ನಷ್ಟು ಮೇಲಕ್ಕೇರಿಸಲಾಗದು. ಬಿಡುವ ಕ್ಷಣದ ವೇಗವೇ ಎತ್ತರವನ್ನು ನಿರ್ಣಯಿಸುವುದು. ಅರ್ಧ ಮೀಟರ್ ಏರಬೇಕಾದರೆ ಸೆಕೆಂಡಿಗೆ ಸುಮಾರು 3.1 ಮೀಟರ್ ವೇಗ ಬೇಕು. ಆದುದರಿಂದ ಸಾಧನೆಯೆಲ್ಲವೂ ನೆಲದ ಮೇಲೆಯೇ ಆಗತಕ್ಕದ್ದು.

ಪಾದಗಳನ್ನು ಸೊಂಟದಗಲಕ್ಕೆ ಇಟ್ಟು ನಿಲ್ಲಬೇಕು. ತೋಳುಗಳನ್ನು ಹಿಂದಕ್ಕೆ ಬೀಸುತ್ತ, ಸೊಂಟವನ್ನು ಹಿಂದೆ ಸರಿಸಿ ಮಂಡಿಗಳನ್ನು ಬೇಗನೆ ಬಾಗಿಸಬೇಕು. ತಗ್ಗಿದಲ್ಲಿ ತಡೆಯದೆ ತೋಳುಗಳನ್ನು ಮುಂದಕ್ಕೂ ಮೇಲಕ್ಕೂ ಬೀಸಿ, ಸೊಂಟ, ಮಂಡಿ, ಹರಡುಗಳನ್ನು ಪೂರ್ಣವಾಗಿ ಚಾಚಿ ನೆಲವನ್ನು ಒದೆಯಬೇಕು. ನಮ್ಮ ಮೊಮ್ಮಗಳ ದೋಷವಿದ್ದುದು ಇಲ್ಲಿಯೇ: ತಗ್ಗಿ, ಒಂದು ಕ್ಷಣ ನಿಂತು, ಆಮೇಲೆ ನೆಗೆಯುತ್ತಿದ್ದಳು, ತೋಳುಗಳು ಸುಮ್ಮನೆ ಜೋತಿದ್ದುವು. ಹಿಗ್ಗಿದ ಸ್ನಾಯು ಒಡನೆಯೇ ಕುಗ್ಗಿದರೆ ಹೆಚ್ಚು ಬಲ ಕೊಡುವುದು. ತಡಮಾಡಿದರೆ ಆ ಲಾಭ ಕರಗಿಹೋಗುವುದು.

ಇಳಿಯುವುದನ್ನು ನೆಗೆಯುವುದಕ್ಕಿಂತ ಮೊದಲು ಕಲಿಯಬೇಕು. ಮುಂಗಾಲು ಮೊದಲು ನೆಲಕ್ಕೆ ತಾಗಿ, ಹಿಮ್ಮಡಿ ಆಮೇಲೆ ಊರಿ, ಮಂಡಿಗಳು ಮೃದುವಾಗಿ ಬಾಗಬೇಕು. ಅವು ಒಳಗಡೆಗೆ ವಾಲಕೂಡದು. ಸದ್ದಿಲ್ಲದೆ ಇಳಿದರೆ ಸರಿಯಾಗಿ ಇಳಿದಂತೆ.

ಅಭ್ಯಾಸವು ವಾರಕ್ಕೆ ಎರಡು ದಿನ ಸಾಕು. ನಡುವೆ ಒಂದು ದಿನವಾದರೂ ಬಿಡುವಿರಲಿ. ಹತ್ತು ನಿಮಿಷ ನಡೆದು, ಹಗ್ಗದಾಟವಾಡಿ ಮೈಯನ್ನು ಬಿಸಿಮಾಡಿಕೊಂಡು, ಮೆತ್ತನೆಯ ನೆಲದ ಮೇಲೆ ಐದೈದರಂತೆ ಮೂರು ಸರದಿ ನೆಗೆಯಬೇಕು. ಸರದಿಗಳ ನಡುವೆ ಎರಡು ನಿಮಿಷ ವಿಶ್ರಾಂತಿ. ಕೊನೆಗೆ ಎಂಟೆಂಟು ಬಸ್ಕಿಗಳೂ, ಮೀನಖಂಡದ ಬಲಕ್ಕಾಗಿ ಹಿಮ್ಮಡಿಯೆತ್ತುವ ಸಾಧನೆಯೂ ಮೂರು ಸಲ. ಆಯಾಸದಿಂದ ನೆಗೆತ ತಗ್ಗಿದೊಡನೆ ನಿಲ್ಲಿಸತಕ್ಕದ್ದು. ಬೆಳೆಯುವ ಮಕ್ಕಳಿಗೆ ಮಂಡಿಚಿಪ್ಪಿನ ಕೆಳಗೆ ನೋವು ಕಂಡರೆ, ಸೋಮಾರಿತನವೆಂದು ಗದರದೆ, ಬಿಡುವು ಕೊಟ್ಟು ವೈದ್ಯರಿಗೆ ತೋರಿಸಬೇಕು.

ಎಂಟು ವಾರಗಳ ಮೇಲೆ ನಮ್ಮ ಹಿತ್ತಿಲ ಗೋಡೆಯ ಸುಣ್ಣದ ಗುರುತು ಮೂರು ಬೆರಳು ಮೇಲೇರಿದೆ. ತಂಡದ ಆಯ್ಕೆ ಇನ್ನೂ ಆಗಬೇಕಾಗಿದೆ. ಆರಿಸಿದರೂ ಬಿಟ್ಟರೂ ಮಗು ಬಯಲಿಗೆ ಹೋಗುವುದನ್ನು ಬಿಟ್ಟಿಲ್ಲ. ಅಂದಿನ ಹುಡುಗನು ಈಗ ಎಲ್ಲಿರುವನೋ ಅರಿಯೆವು. ಅವನಿಗೆ ಕಲಿಸದೆ ಉಳಿಸಿದ ಪಾಠವು ಈ ಬರಹದ ಮೂಲಕ ಅವನ ಮಕ್ಕಳಿಗಾದರೂ ತಲಪಲಿ.