ಮರಿ ಬಿಡಿಸಿದ ವಾರದಲ್ಲೇ ಹಂದಿಗೆ ಬೆದೆ ಏಕೆ?

ಹಾಲೂಡಿಸುವಷ್ಟು ದಿನ ಬೆದೆಗೆ ಬಾರದ ಹೆಣ್ಣು ಹಂದಿಗಳು, ಮರಿಗಳನ್ನು ಬೇರ್ಪಡಿಸಿದ ಕೂಡಲೇ ಒಟ್ಟಿಗೆ ಬೆದೆಗೆ ಬರುವುದು ಹೇಗೆ? – ಓದುಗರು, ನ್ಯಾಮತಿ

ಭದ್ರಾ ನಾಲೆಯ ಗೇಟು ನೆನಪಿಸಿಕೊಳ್ಳಿ. ಮುಚ್ಚಿರುವಷ್ಟು ದಿನ ಚನ್ನಗಿರಿ, ಹೊನ್ನಾಳಿ ಕಡೆಯ ಗದ್ದೆಗಳಿಗೆ ನೀರಿಲ್ಲ. ಎತ್ತಿದರೆ ಎಲ್ಲರಿಗೂ ನಾಟಿಯ ಕಾಲ. ಹಂದಿಯಲ್ಲಿ ಆ ಗೇಟು ಮಿದುಳಿನ ಹೈಪೊಥಲಾಮಸ್. ಮರಿಗಳು ಮೊಲೆ ಚೀಪುವಾಗ ಹೊರಡುವ ನರಸಂದೇಶ ಅದನ್ನು ಅದುಮಿಡುತ್ತದೆ. ಹಾಗಾಗಿ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಹಾರ್ಮೋನು ಸಾಕಷ್ಟು ಹೊರಡದು, ಅಂಡಾಶಯದ ಕೋಶಿಕೆಗಳು ಬಲಿಯವು.

ಮರಿ ಬಿಡಿಸಿದೊಡನೆ ಈ ತಡೆ ತಪ್ಪುತ್ತದೆ. ಕೋಶಿಕೆಗಳು ಬೆಳೆದು ಈಸ್ಟ್ರೊಜೆನ್ ಸ್ರವಿಸುತ್ತವೆ; ಸಾಮಾನ್ಯವಾಗಿ 4ರಿಂದ 7 ದಿನದೊಳಗೆ ಬೆದೆ. ಬೆನ್ನು ಒತ್ತಿದರೂ ಅಲುಗದೆ ನಿಲ್ಲುವುದೇ ಗುರುತು. ಅದೇ ಈಸ್ಟ್ರೊಜೆನ್ ಎಲ್‌ಎಚ್ ಅನ್ನು ಒಮ್ಮೆಲೇ ಏರಿಸಿ ಅಂಡಗಳನ್ನು ಹೊರಬಿಡಿಸುತ್ತದೆ.

ಅಂಡ ಹೊರಬಿದ್ದ ಜಾಗದಲ್ಲಿ ಬೆಳೆಯುವ ಹಳದಿಕಾಯ ಪ್ರೊಜೆಸ್ಟರಾನ್ ಸ್ರವಿಸಿ ಮುಂದಿನ ಬೆದೆಯನ್ನು ತಡೆಯುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು 15ನೇ ದಿನಕ್ಕೆ ಗರ್ಭಕೋಶದ ಪ್ರೊಸ್ಟಗ್ಲಾಂಡಿನ್ ಅದನ್ನು ಕರಗಿಸುತ್ತದೆ. ಸುಮಾರು 21ನೇ ದಿನಕ್ಕೆ ಮತ್ತೆ ಬೆದೆ. ಹಾಲೂಡಿಸಿ ತೀರಾ ಬಡಕಲಾದ ಹಂದಿಯಲ್ಲಿ, ಅದರಲ್ಲೂ ಚೊಚ್ಚಲಿನದರಲ್ಲಿ, ಇದೆಲ್ಲ ತಡವಾಗಬಹುದು. ಆಗ ಮೊದಲು ಮೇವಿನ ಕಡೆ ನೋಡಿ.