ಹಳೆಯ ಜೀಪಿನ ಮೀಟರು, ಲಾಗ್ ಪುಸ್ತಕದ ಲೆಕ್ಕ

ಹಳೆಯ ಜೀಪನ್ನು ನವೀಕರಿಸಿ ವ್ಯವಹಾರಕ್ಕೆ ಬಳಸುವವರು ಎಂಜಿನ್‌ಗೆ, ಬಣ್ಣಕ್ಕೆ ಕೊಡುವ ಗಮನವನ್ನು ಸ್ಪೀಡೋಮೀಟರಿಗೆ ಕೊಡುವುದು ವಿರಳ. ಮಹೀಂದ್ರ ಕಂಪೆನಿಯು ಭಾರತದಲ್ಲಿ ತಯಾರಿಸಿದ ವಿಲ್ಲಿಸ್ ಸಿಜೆ-3ಬಿ ಮಾದರಿಯನ್ನೇ ನೋಡಬಹುದು. ಅದರ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ 5.38 ಸುತ್ತು ತಿರುಗಬೇಕು. ಹೆದ್ದಾರಿಯಲ್ಲಿ ಸಲೀಸಾಗಿ ಓಡಲೆಂದು ಎರಡೂ ಆಕ್ಸಲ್‌ಗಳಿಗೆ 4.88 ಅನುಪಾತದ ಕ್ರೌನ್-ಪಿನಿಯನ್ ಜೋಡಿಸಿದರೆ, ಶಾಫ್ಟ್‌ನ ಪ್ರತಿ ಸುತ್ತಿಗೂ ವಾಹನವು ಶೇ. 10.2ರಷ್ಟು ಹೆಚ್ಚು ದೂರ ಸಾಗುತ್ತದೆ. ಮೀಟರಿನ ಕೇಬಲ್‌ಗೆ ಚಾಲನೆ ದೊರೆಯುವುದು ಆಕ್ಸಲ್‌ಗಿಂತ ಮೊದಲೇ, ಟ್ರಾನ್ಸ್‌ಫರ್ ಕೇಸಿನಿಂದ. ಆದಕಾರಣ ಮುಳ್ಳು 50 ತೋರಿಸುವಾಗ ನಿಜವಾದ ವೇಗ 55. ದೊಡ್ಡ ಟೈರು ಹಾಕಿದರೆ ಅಂತರ ಇನ್ನೂ ಹೆಚ್ಚುತ್ತದೆ.

ಪೆಟ್ಟು ಬೀಳುವುದು ಲೆಕ್ಕಪತ್ರಕ್ಕೆ. 11,025 ಕಿ.ಮೀ. ಓಡಿದ ಜೀಪು ಲಾಗ್ ಪುಸ್ತಕದಲ್ಲಿ 10,000 ಎಂದೇ ದಾಖಲಾಗುತ್ತದೆ, ಕಿ.ಮೀ. ದರದ ಬಾಡಿಗೆಯಲ್ಲಿ ಅಷ್ಟು ನಷ್ಟ. ಇನ್ನೂ ಕೆಟ್ಟದ್ದೆಂದರೆ, ಲೀಟರಿಗೆ 10 ಕಿ.ಮೀ. ಓಡುವ ವಾಹನ 9 ಮಾತ್ರ ಓಡಿದಂತೆ ಕಂಡು, ಇಂಧನ ಕದ್ದ ಅಪವಾದ ನಿರಪರಾಧಿ ಚಾಲಕನ ತಲೆಗೆ ಬರಬಹುದು.

ಮುಳ್ಳನ್ನಷ್ಟೇ ಸರಿಪಡಿಸುವ ರಿಪೇರಿ ಅರ್ಧ ಕೆಲಸ. ಓಡೋಮೀಟರ್ ಹಲ್ಲುಚಕ್ರಗಳಿಂದ ತಿರುಗುವುದರಿಂದ ಅದರ ದೋಷ ಹಾಗೆಯೇ ಉಳಿಯುತ್ತದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನು ನೋಡಿಕೊಂಡು 10 ಕಿ.ಮೀ. ಓಡಿಸಿದಾಗ ಮೀಟರು 9.1 ತೋರಿದರೆ, ಕೇಬಲ್ ಸುಮಾರು 1.1 ಪಟ್ಟು ವೇಗವಾಗಿ ತಿರುಗಬೇಕೆಂದರ್ಥ. ಇದಕ್ಕಾಗಿ ಕೇಬಲ್ ತಿರುಗಿಸುವ ಗಿಯರನ್ನು ಕಡಿಮೆ ಹಲ್ಲಿನದಕ್ಕೆ ಬದಲಿಸಬೇಕು. ಅದು ದೊರೆಯದಿದ್ದಲ್ಲಿ ಕೇಬಲ್‌ನ ಮಧ್ಯೆ ಅದೇ ಅನುಪಾತದ ಪುಟ್ಟ ಗಿಯರ್ ಪೆಟ್ಟಿಗೆಯನ್ನು ಅಳವಡಿಸಬಹುದು. ತಿದ್ದಿದ ದಿನಾಂಕವನ್ನೂ ಅಂದಿನ ಮೀಟರ್ ಅಂಕಿಯನ್ನೂ ಲಾಗ್ ಪುಸ್ತಕದಲ್ಲಿ ನಮೂದಿಸಿ, ಬಿಲ್ಲನ್ನು ಜೊತೆಗಿಡತಕ್ಕದ್ದು.